ಧಾರವಾಡ ಸಿಕ್ಕಿತು, ಶಾರ್ಟ್ ವೇವ್ ಸಿಗಲಿಲ್ಲ

ಫೆಬ್ರವರಿಯಲ್ಲಿ ಕೆಂಪು ಬೂರುಗದ ಮರವನ್ನು ಹತ್ತಿರ ನಿಂತು ನೋಡಬೇಕು. ಎಲೆ ಪೂರ್ತಿ ಉದುರಿ ಬರೀ ಹೂವು ಉಳಿದಿರುತ್ತದೆ. ಅಂಗೈ ಅಗಲದ ಹೂವು, ದಪ್ಪ ಎಸಳು, ಬುಡದಲ್ಲಿ ಬೇಕಾದಷ್ಟು ಮಕರಂದ. ಬೆಳಗಾದರೆ ಕಾಗೆ, ಗೊರವಂಕ, ಗಿಳಿ, ಅಳಿಲು ಎಲ್ಲವೂ ಅಲ್ಲಿ ಹಾಜರು. ಅದೃಷ್ಟ ಇದ್ದರೆ ಗುಲಾಬಿ ಕಬ್ಬಕ್ಕಿಯೂ ಸಿಗುತ್ತದೆ. ಮೈ ತಿಳಿ ಗುಲಾಬಿ. ತಲೆ, ರೆಕ್ಕೆ, ಬಾಲ ಕಪ್ಪು. ಪೂರ್ವ ಯುರೋಪು, ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಕಡೆ ಬರುವ ಹಕ್ಕಿ ಅದು. ವಾಪಸ್ ಹೊರಡುವ ಮುಂಚೆ ಬೂರುಗ, ಮುತ್ತುಗದ ಹೂವಿಗೆ ಗುಂಪುಗುಂಪಾಗಿ ಮುತ್ತಿಕೊಳ್ಳುತ್ತದೆ. ಈ ವಾರಾಂತ್ಯಕ್ಕೆ ಎರಡು ಕೆಲಸ ಇಟ್ಟುಕೊಂಡಿದ್ದೆ: ಮಗಳಿಗೆ ಈ ಹಕ್ಕಿ ತೋರಿಸುವುದು, ಅಪ್ಪನ ಹಳೆಯ ರೇಡಿಯೋ ರಿಪೇರಿ ಮಾಡುವುದು. ಮೊದಲು ಹಕ್ಕಿ ಅಂತ ಶನಿವಾರ ಬೆಳಗ್ಗೆ ಲಾಲ್‌ಬಾಗಿಗೆ ಹೊರಟೆವು.

ನಮ್ಮ ಮನೆಯವರಿಗೆ ಶನಿವಾರವೂ ಕೆಲಸ. ಹಾಗಾಗಿ ನಾನು, ಮಗಳು, ಒಂದು ಬೈನಾಕ್ಯುಲರ್, ನೀರಿನ ಬಾಟಲಿ. ಶ್ರೀನಗರದಿಂದ ಆಟೋ ಹಿಡಿದು ಪಶ್ಚಿಮದ ಗೇಟಿನಲ್ಲಿ ಇಳಿದಾಗ ಇನ್ನೂ ಮಂಜು ಪೂರ್ತಿ ಕರಗಿರಲಿಲ್ಲ. ಬೆಳಗ್ಗೆ ವಾಕಿಂಗ್ ಹೊತ್ತಿನಲ್ಲಿ ಟಿಕೆಟ್ ಇಲ್ಲ. ಊರಿನ ಮಧ್ಯೆ 240 ಎಕರೆ ತೋಟಕ್ಕೆ ಯಾರು ಬೇಕಾದರೂ ಸುಮ್ನೆ ನಡೆದು ಹೋಗಬಹುದು ಅನ್ನೋದು ನನಗೆ ಇವತ್ತಿಗೂ ದೊಡ್ಡ ವಿಷಯ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ. ಆಮೇಲೆ ಎಷ್ಟೋ ಜನ ತೋಟಗಾರರು ದೇಶದೇಶದ ಗಿಡ ತಂದು ಬೆಳೆಸಿದರು. ಆ ಗಿಡಗಳ ನೆರಳಲ್ಲಿ ಈಗ ಬಿ.ಪಿ., ಶುಗರ್ ಇಳಿಸಿಕೊಳ್ಳಲು ಜನ ನಡೆಯುತ್ತಾರೆ.

ಬೂರುಗದ ಮರದ ಕೆಳಗೆ ಕೆಂಪು ಹಾಸು ಬಿದ್ದಿತ್ತು. ಕತ್ತೆತ್ತಿ ನೋಡಿದರೆ ಮೇಲಿನ ಕೊಂಬೆಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹೂವು. ಈ ವರ್ಷ ಬೇಗ ಅರಳಿ ಮುಗಿಸಿಬಿಟ್ಟಿದೆ. ಇದ್ದ ಹೂವಿಗೆ ಗೊರವಂಕಗಳು ಜಗಳ ಆಡುತ್ತಿದ್ದವು. ಎರಡು ಕಾಗೆ ಬಂದು ಅವನ್ನೂ ಓಡಿಸಿದವು. ನಾವು ಬೆಂಚಿನ ಮೇಲೆ ಕೂತು ಕಾದೆವು. ಬಿಸಿಲು ಏರಿತು. ಕುಟ್ರು ಹಕ್ಕಿ ಎಲ್ಲೋ ಕೂಗುತ್ತಲೇ ಇತ್ತು. ಕಬ್ಬಕ್ಕಿ ಬರಲಿಲ್ಲ. ಮಗಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಬೈನಾಕ್ಯುಲರ್ ನನ್ನ ಕೈಗೆ ವಾಪಸ್ ಕೊಟ್ಟಳು. ನನಗೆ ಬೇಜಾರಾಯಿತು. ಅವಳು ನೋಟ್‌ಬುಕ್ಕಿನಲ್ಲಿ ಆ ಹಕ್ಕಿಯ ಚಿತ್ರ ಬರೆದು, ಬಣ್ಣ ತುಂಬಿ, ಕೆಳಗೆ ತಾರೀಖಿಗೆ ಜಾಗ ಬಿಟ್ಟುಕೊಂಡು ಬಂದಿದ್ದಳು.

ಕೆರೆಯ ಕಡೆ ಹೋಗುವ ದಾರಿಯಲ್ಲಿ ಅವಳು ಗಕ್ಕನೆ ನಿಂತಳು. "ಅಮ್ಮ, ಆ ಪೊಟರೆಯಿಂದ ಯಾರೋ ನಮ್ಮನ್ನೇ ನೋಡ್ತಿದ್ದಾರೆ."

ಹಳೆಯ ಮರ. ಕೊಂಬೆ ಮುರಿದು ಬಿದ್ದ ಕಡೆ ಒಂದು ಪೊಟರೆ. ಒಳಗೆ ಎರಡು ಹಾಲಕ್ಕಿ. ಹಾಲಕ್ಕಿ ಅಂದರೆ ಪುಟ್ಟ ಗೂಬೆ, ಕಂದು ಮೈ ತುಂಬಾ ಬಿಳಿ ಚುಕ್ಕೆ. ನಾವು ನಿಂತ ಜಾಗದಿಂದ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿದ್ದವು. ಬೈನಾಕ್ಯುಲರ್ ಹಿಡಿದರೆ ಹಳದಿ ಕಣ್ಣು, ಅದರ ಮೇಲೆ ಬಿಳಿ ಹುಬ್ಬು, ಕೊಕ್ಕಿನ ಪಕ್ಕದ ಸಣ್ಣ ಮೀಸೆಯಂಥ ಗರಿ ಎಲ್ಲಾ ಸ್ಪಷ್ಟ. ಒಂದು ಅರ್ಧ ಕಣ್ಣು ಮುಚ್ಚಿಕೊಂಡು ಬಿಸಿಲು ಕಾಯಿಸುತ್ತಿತ್ತು. ಇನ್ನೊಂದು ನಮ್ಮನ್ನು ನೋಡಿ ತಲೆಯನ್ನು ಮೇಲೆ, ಕೆಳಗೆ, ಒಂದು ಪಕ್ಕಕ್ಕೆ, ಮತ್ತೆ ಮೇಲೆ ಆಡಿಸತೊಡಗಿತು. ಮಗಳು ಖುಷಿಯಿಂದ ತಾನೂ ಹಾಗೇ ತಲೆ ಆಡಿಸಿದಳು. ಗೂಬೆ ಜಾತಿಯ ಹಕ್ಕಿಗಳಿಗೆ ನಮ್ಮ ಹಾಗೆ ಕಣ್ಣುಗುಡ್ಡೆ ಹೊರಳಿಸಲು ಆಗುವುದಿಲ್ಲ. ಕಣ್ಣು ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಎದುರಿಗಿರುವುದು ಎಷ್ಟು ದೂರ ಇದೆ ಅಂತ ಅಂದಾಜು ಮಾಡಲು ತಲೆಯನ್ನೇ ಆ ಕಡೆ ಈ ಕಡೆ ಸರಿಸಿ ನೋಡಬೇಕು. ಇದನ್ನು ಹೇಳಿದ ಮೇಲೆ ಅವಳು ಇನ್ನೂ ಹೊತ್ತು ನಿಂತಳು.

ನಮ್ಮ ಅರಸೀಕೆರೆ ಮನೆ ಮುಂದೆ ಬೆಳಗಿನ ಜಾವ ಬುಡುಬುಡಿಕೆಯವರು ಬಂದು "ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ" ಅನ್ನುತ್ತಿದ್ದರು. ಅಜ್ಜಿ ಮೊರದಲ್ಲಿ ರಾಗಿ ತಂದು ಹಾಕುತ್ತಿದ್ದರು. ನಾನು ಎಷ್ಟೋ ವರ್ಷ ಆ ಹಕ್ಕಿಯನ್ನು ನೋಡಿರಲಿಲ್ಲ, ಅದರ ಮಾತು ಮಾತ್ರ ಕೇಳಿದ್ದೆ. ಮಗಳಿಗೆ ಈ ಕಥೆ ಹೇಳಿದೆ. ಅವಳು ನೋಟ್‌ಬುಕ್ಕಿನ ಹೊಸ ಪುಟ ತೆರೆದಳು.

ಆಮೇಲೆ ಬಂಡೆ ಹತ್ತಿದೆವು. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನದವರು ಅಲ್ಲೇ ಫಲಕ ಹಾಕಿದ್ದಾರೆ. ತುಂಬಾ ಜನ ಅದರ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಓದುವವರು ಕಡಿಮೆ. ಅದನ್ನು ಓದಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಂಡೆಯ ಮೇಲೆ ನಿಂತು ನೋಡಿ. ಬೆಳಗಿನ ಹೊತ್ತು ತಣ್ಣಗಿರುತ್ತದೆ.

ತಿಂಡಿಗೆ ಹತ್ತಿರದ ದರ್ಶಿನಿಯಲ್ಲಿ ಖಾಲಿ ದೋಸೆ, ಸಾಗು. ಸಾಗು ಚೆನ್ನಾಗಿತ್ತು. ಕಾಫಿ ಅಷ್ಟಕ್ಕಷ್ಟೆ.

ಅಲ್ಲಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಗೆ. ಇದು ಈ ವಾರಾಂತ್ಯದ ಮುಖ್ಯ ಕೆಲಸ. ಅದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಟ್ಟದ ಮೇಲಿಂದ ಅಪ್ಪನ ಟ್ರಾನ್ಸಿಸ್ಟರ್ ರೇಡಿಯೋ ತಂದಿದ್ದೆ. ಅಪ್ಪ ರೈಲ್ವೆಗೆ ಸೇರಿದಾಗ ಮೊದಲ ಪೋಸ್ಟಿಂಗ್ ಅಳ್ನಾವರ. ಧಾರವಾಡದಿಂದ ಆಚೆ, ಕಾಡಿನ ಅಂಚಿನ ಜಂಕ್ಷನ್. ಮಳೆಗಾಲದಲ್ಲಿ ವಾರಗಟ್ಟಲೆ ಮಳೆ. ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಮಾತಾಡಲು ಯಾರೂ ಇಲ್ಲ. 1974ರಲ್ಲಿ ಸಂಬಳದಲ್ಲಿ ಉಳಿಸಿ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಈ ಸೆಟ್ ಕೊಂಡರಂತೆ. ನಮ್ಮ ಕಡೆಯ ಸ್ಟೇಷನ್ನುಗಳಿಗೆ ಮೀಡಿಯಂ ವೇವ್ ಒಂದು, ದೂರದ ದೇಶದವಕ್ಕೆ ಶಾರ್ಟ್ ವೇವ್ ಎರಡು ಬ್ಯಾಂಡ್, ನಾಲ್ಕು ದೊಡ್ಡ ಸೆಲ್, ಚರ್ಮದ ಕವರ್. ಕವರಿನ ಒಳಗೆ ಲೈಸೆನ್ಸ್ ಪುಸ್ತಕ ಹಾಗೇ ಇತ್ತು. ಈಗಿನ ಮಕ್ಕಳಿಗೆ ನಂಬಲು ಕಷ್ಟ, ಆದರೆ ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಪುಸ್ತಕಕ್ಕೆ ಸ್ಟಾಂಪ್ ಹಚ್ಚಿಸಿಕೊಂಡು ಬರಬೇಕು. ಅಪ್ಪ ಒಂದು ವರ್ಷವೂ ತಪ್ಪಿಸಿಲ್ಲ. ಅಳ್ನಾವರದ ಮುದ್ರೆ, ಆಮೇಲೆ ಅರಸೀಕೆರೆಯ ಮುದ್ರೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಕೆಲಸ ಮಾತ್ರ ಅಕೌಂಟ್ಸ್ ಕಡೆ ಸಿಕ್ಕಿತು, ಅಲ್ಲೇ ಉಳಿದೆ. ಸೋಲ್ಡರಿಂಗ್ ಐರನ್ ಹಿಡಿದರೆ ಈಗಲೂ ಮನಸ್ಸು ಹಗುರಾಗುತ್ತದೆ. ಶುಕ್ರವಾರ ರಾತ್ರಿಯೇ ಸೆಟ್ ಬಿಚ್ಚಿ ನೋಡಿದ್ದೆ. ಸೆಲ್ ಕೂರುವ ಜಾಗದಲ್ಲಿ ಹಳೆಯ ಸೆಲ್ಲುಗಳು ಸೋರಿ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು. ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ಡಯಲ್ ದಾರ ತುಂಡಾಗಿ ಮುಳ್ಳು ಒಂದು ಮೂಲೆಯಲ್ಲಿ ಬಿದ್ದಿತ್ತು. ಹೊರಗಿನಿಂದ 6 ವೋಲ್ಟ್ ಕೊಟ್ಟರೆ ಸ್ಪೀಕರಿನಿಂದ ಪುಟುಪುಟು ಅಂತ ಮೋಟಾರ್ ದೋಣಿ ಹೋದ ಹಾಗೆ ಸದ್ದು. ಈ ಸದ್ದು ಬಂದರೆ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್, ಅಂದರೆ ಕರೆಂಟನ್ನು ಸ್ವಲ್ಪ ಕೂಡಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ, ಒಣಗಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಅದರೊಳಗೆ ಒದ್ದೆ ರಾಸಾಯನಿಕ ಇರುತ್ತದೆ. ವರ್ಷಗಳು ಕಳೆದ ಹಾಗೆ ಅದು ಆರಿಹೋಗುತ್ತದೆ. ಸೆಲ್ಲಿನಿಂದ ಬರುವ ಕರೆಂಟಿನ ಏರಿಳಿತವನ್ನು ಹಿಡಿದಿಡಲು ಆಮೇಲೆ ಅದಕ್ಕೆ ಆಗುವುದಿಲ್ಲ. ಕೊನೆಯ ಹಂತದ ಸದ್ದು ಅದೇ ದಾರಿಯಲ್ಲಿ ಮೊದಲ ಹಂತಕ್ಕೆ ವಾಪಸ್ ಹೋಗಿ, ಸೆಟ್ ತನ್ನನ್ನು ತಾನೇ ಕೇಳಿಸಿಕೊಳ್ಳಲು ಶುರು ಮಾಡುತ್ತದೆ.

ಎಸ್.ಪಿ. ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆ. ಕಂಪ್ಯೂಟರ್, ಮೋಟಾರು, ವೈರು, ಸ್ಕ್ರೂ, ಏನು ಬೇಕಾದರೂ ಸಿಗುವ ರಸ್ತೆ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗಬೇಕು. ಮುಂದಿನ ಸಾಲಿನ ಅಂಗಡಿಗಳಲ್ಲಿ ಈಗ ಎಲ್‌ಇಡಿ ಪಟ್ಟಿ, ಸೆನ್ಸರ್, ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಬೇಕಾದ ಬೋರ್ಡುಗಳು. ಬಿಡಿ ಕಂಡೆನ್ಸರ್ ಕೇಳಿದರೆ ಪ್ಯಾಕೆಟ್ ತಗೊಳ್ಳಿ ಅನ್ನುತ್ತಾರೆ. ಒಬ್ಬರು ಒಳ ಗಲ್ಲಿಯ ಅಂಗಡಿ ತೋರಿಸಿದರು. ಇಬ್ಬರು ನಿಂತರೆ ತುಂಬುವಷ್ಟು ಜಾಗ. ಗೋಡೆ ಪೂರ್ತಿ ಸಣ್ಣ ಸಣ್ಣ ಡ್ರಾಯರ್. ಎಪ್ಪತ್ತು ದಾಟಿದ ಯಜಮಾನರು ಕನ್ನಡಕ ಹಣೆಗೆ ಏರಿಸಿಕೊಂಡು ನನ್ನ ಪಟ್ಟಿ ನೋಡಿದರು.

"ಜರ್ಮೇನಿಯಂ ಸೆಟ್ಟಾ ಅಮ್ಮ?"

"ಹೌದು ಸಾರ್. ಔಟ್‌ಪುಟ್‌ನಲ್ಲಿ ಎಸಿ 128 ಇದೆ."

ಎಸಿ 128 ಅಂದರೆ ಸದ್ದನ್ನು ದೊಡ್ಡದು ಮಾಡುವ, ಜರ್ಮೇನಿಯಂನಿಂದ ಮಾಡಿದ ಹಳೆಯ ಕಾಲದ ಬಿಡಿಭಾಗ. ಅವರ ಮುಖ ಅರಳಿತು. ಡ್ರಾಯರ್ ಒಂದೊಂದೇ ಎಳೆದು 10 ಮೈಕ್ರೋಫ್ಯಾರಡ್, 100, 220, ಎಲ್ಲ 16 ವೋಲ್ಟಿನವು, ಬಿಡಿಬಿಡಿಯಾಗಿ ಎಣಿಸಿ ಹಳೆ ಪತ್ರಿಕೆಯ ತುಂಡಿನಲ್ಲಿ ಕಟ್ಟಿದರು. ಕಟ್ಟುತ್ತಲೇ ಹೇಳಿದರು: "ಆ ಸೆಟ್ಟಲ್ಲಿ ಪಾಸಿಟಿವ್ವು ಗ್ರೌಂಡಿಗೆ ಇರುತ್ತೆ. ಈಗಿನ ರೂಢಿಯಲ್ಲಿ ಹಾಕಿಬಿಟ್ಟರೆ ಕಂಡೆನ್ಸರ್ ಉಬ್ಬಿ ಒಡೆಯುತ್ತೆ. ಹಳೇದು ಹೆಂಗಿದೆಯೋ ನೋಡ್ಕೊಂಡೇ ಹಾಕಿ." ಪಿಎನ್‌ಪಿ ಅನ್ನುವ ಬಗೆಯ ಟ್ರಾನ್ಸಿಸ್ಟರ್ ಇರುವ ಹಳೆಯ ಸೆಟ್ಟುಗಳಲ್ಲಿ ಹೆಚ್ಚಾಗಿ ಸೆಲ್ಲಿನ ಪಾಸಿಟಿವ್ ತುದಿಯೇ ಗ್ರೌಂಡ್, ಅಂದರೆ ಇಡೀ ಸರ್ಕಿಟ್ಟಿಗೆ ಸೇರಿದ ಒಂದೇ ಲೈನ್. ಪುಸ್ತಕದಲ್ಲಿ ಓದಿದ್ದೆ. ಆದರೆ ಕೈಯಲ್ಲಿ ಸಾವಿರ ಸೆಟ್ ಹಾದುಹೋದವರು ಗಿರಾಕಿ ಕೇಳುವ ಮೊದಲೇ ಅದನ್ನು ಹೇಳಿದಾಗ ಸಿಗುವ ಧೈರ್ಯ ಬೇರೆ. ಅಷ್ಟು ಸಾಮಾನಿಗೆ ಅವರು ತಗೊಂಡ ಹಣ ನಮ್ಮ ಬೆಳಗಿನ ತಿಂಡಿಗಿಂತ ಕಡಿಮೆ.

ಹವ್ಯಾಸ ಅಂದರೆ ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ ಅಂತ ನನಗೆ ದಿನೇದಿನೇ ಜಾಸ್ತಿ ಅನ್ನಿಸುತ್ತಿದೆ. ಎರಡು ರೂಪಾಯಿಯ ಸಾಮಾನನ್ನು ಬಿಡಿಯಾಗಿ ಕೊಡುವ ಅಂಗಡಿ ಬೇಕು. ಅಲ್ಲಿ ಕೂತವರಿಗೆ ಅದರ ಗುಣ ಗೊತ್ತಿರಬೇಕು. ಅಂಥ ಅಂಗಡಿ ಮುಚ್ಚಿದರೆ ನನ್ನ ಬೆಸುಗೆಯ ಕೆಲಸವೂ ನಿಲ್ಲುತ್ತದೆ. ಆನ್‌ಲೈನಿನಲ್ಲಿ ಎಲ್ಲಾ ಸಿಗುತ್ತೆ ಅನ್ನುವವರಿಗೆ ನನ್ನ ಉತ್ತರ ಇದೇ: ಸಾಮಾನು ಸಿಗುತ್ತದೆ, "ಜರ್ಮೇನಿಯಂ ಸೆಟ್ಟಾ ಅಮ್ಮ" ಅಂತ ಕೇಳುವವರು ಸಿಗುವುದಿಲ್ಲ.

ಮೀಡಿಯಂ ವೇವಿನಿಂದ ಶಾರ್ಟ್ ವೇವಿಗೆ ಬದಲಿಸುವ ಬ್ಯಾಂಡ್ ಸ್ವಿಚ್ ಕೂಡ ಕೆಟ್ಟಿತ್ತು. ಅದು ಮಾತ್ರ ಅವರ ಹತ್ತಿರವೂ ಇರಲಿಲ್ಲ. ಡಯಲ್ ದಾರವೂ ಇಲ್ಲ. "ಆ ದಾರ ತರಿಸೋದು ಬಿಟ್ಟು ಬಹಳ ವರ್ಷ ಆಯ್ತಮ್ಮ. ಚಪ್ಪಲಿ ಹೊಲಿಯೋರ ಹತ್ತಿರ ಮೇಣದ ನೈಲಾನ್ ದಾರ ಇರುತ್ತೆ, ಕೇಳಿ ನೋಡಿ. ಗಾಳದ ದಾರ ಬೇಡ, ಜಗ್ಗುತ್ತೆ."

ವಾಪಸ್ ಬರುವಾಗ ಅವೆನ್ಯೂ ರೋಡಿನ ಪುಸ್ತಕದ ಸಾಲಿನಲ್ಲಿ ರೇಡಿಯೋ ರಿಪೇರಿ ಪುಸ್ತಕ ಹುಡುಕಿದೆ. ಸಿಗಲಿಲ್ಲ. ಬರೀ ಪ್ರವೇಶ ಪರೀಕ್ಷೆಯ ಗೈಡುಗಳು. ಮಗಳು ಒಂದು ಹಳೆ ಶಾಲಾ ಅಟ್ಲಾಸ್ ಆರಿಸಿಕೊಂಡಳು. ಮೆಟ್ರೋದಲ್ಲಿ ಕೂತು ಗುಲಾಬಿ ಕಬ್ಬಕ್ಕಿ ಬರುವ ದಾರಿಯನ್ನು ಪೆನ್ಸಿಲಿನಲ್ಲಿ ಎಳೆದಳು.

ಸಂಜೆ ಇವರೂ ಸೇರಿ ರಂಗಶಂಕರಕ್ಕೆ ನಾಟಕ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ರಂಗಮಂದಿರ, 2004ರಲ್ಲಿ ಶುರುವಾಯಿತು. ಅಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರು. ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ನನಗೆ ಈ ಶಿಸ್ತು ತುಂಬಾ ಇಷ್ಟ. ವೇದಿಕೆಯ ಮೇಲಿರುವವರಿಗೆ, ಸಮಯಕ್ಕೆ ಬಂದು ಕೂತವರಿಗೆ ಇಬ್ಬರಿಗೂ ಕೊಡುವ ಮರ್ಯಾದೆ ಅದು. ಅವತ್ತಿನ ನಾಟಕ ಮೊದಲರ್ಧ ಎಳೆಯಿತು. ಮಾತು ಜಾಸ್ತಿ, ನಟರಿಗೆ ಮಾಡಲು ಕೆಲಸ ಕಡಿಮೆ. ಎರಡನೇ ಭಾಗದಲ್ಲಿ ಅಜ್ಜಿಯ ಪಾತ್ರ ಮಾಡಿದ ಹುಡುಗಿ ಅಡಕೆ ಕತ್ತರಿಸುವ ಒಂದೇ ದೃಶ್ಯದಲ್ಲಿ ಎಲ್ಲರನ್ನೂ ಹಿಡಿದಿಟ್ಟಳು. ಅಡಕೊತ್ತು ಇಲ್ಲದೆ, ಬರೀ ಬೆರಳಲ್ಲಿ. ಆ ದೃಶ್ಯಕ್ಕೆ ಹೋದದ್ದು ಸಾರ್ಥಕ.

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ರಸ್ತೆ ತುಂಬಾ ಸೈಕಲ್ಲು, ಸ್ಕೇಟಿಂಗ್ ಮಕ್ಕಳು, ನಾಯಿಗಳು. ನಾನು ಹೋಗಿದ್ದು ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಚಿತ್ರ ಬರೆಯಲು. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಕಟ್ಟಿದ ಭವನ. ಎದುರಿಗೆ ಗುಲಾಬಿ ತೋಟ. ಬೆಳಗಿನ ಬಿಸಿಲು ಪಕ್ಕದಿಂದ ಬಿದ್ದಾಗ ಆ ಕೆಂಪಿಗೆ ಒಂದು ತಿಳಿ ಕಿತ್ತಳೆ ಸೇರಿಕೊಳ್ಳುತ್ತದೆ, ನೆರಳಿನ ಕಡೆ ನೇರಳೆ ಕಾಣುತ್ತದೆ. ಅದನ್ನು ಹಿಡಿಯಬೇಕು ಅಂತ ಬಹಳ ದಿನದ ಆಸೆ.

ಪೆನ್ಸಿಲ್ ಕೆಲಸ ಚೆನ್ನಾಗಿ ಬಂತು. ಕಂಬಗಳ ಅಳತೆ ಸರಿ ಕೂತಿತು. ಬಣ್ಣ ಹಚ್ಚಿದ ಕೂಡಲೇ ಎಲ್ಲಾ ಕೆಟ್ಟಿತು. ಹೊಸ ಸ್ಕೆಚ್ ಪುಸ್ತಕ, ಪೂರ್ತಿ ಹತ್ತಿಯ ಕಾಗದ, 300 ಜಿಎಸ್‌ಎಂ ದಪ್ಪ ಅಂತ ಹೇಳಿ ಅಂಗಡಿಯವರು ಒಳ್ಳೆ ಬೆಲೆಗೆ ಕೊಟ್ಟಿದ್ದರು. ಒಳ್ಳೆಯ ಜಲವರ್ಣ ಕಾಗದಕ್ಕೆ ತೆಳುವಾದ ಅಂಟಿನ ಲೇಪ ಇರುತ್ತದೆ. ಅದರಿಂದ ನೀರು ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಒಂದು ಬಣ್ಣ ಇನ್ನೊಂದರೊಳಗೆ ನಿಧಾನವಾಗಿ ಸೇರುತ್ತದೆ. ಈ ಕಾಗದದಲ್ಲಿ ಕುಂಚ ಮುಟ್ಟಿಸಿದ ಕೂಡಲೇ ಬಣ್ಣ ಇಂಗಿಹೋಯಿತು. ಅಂಚು ಗಟ್ಟಿ ಗೆರೆಯಾಗಿ ಉಳಿಯಿತು. ಎರಡನೇ ಪದರ ಹಚ್ಚಿದರೆ ಕಾಗದದ ಮೇಲ್ಮೈ ಉಂಡೆಯುಂಡೆಯಾಗಿ ಎದ್ದು ಬಂತು. ಆ ಬೆಳಕು ಅಲ್ಲಿ ಇದ್ದದ್ದು ಅರ್ಧ ಗಂಟೆ. ಇನ್ನೊಂದು ಪುಟದಲ್ಲಿ ಶುರು ಮಾಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು ಕಟ್ಟಡ ಚಪ್ಪಟೆಯಾಗಿತ್ತು. ನನಗೆ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ. ಚಿತ್ರ ಕಲಿಯುವ ಮಕ್ಕಳು ಇಂಥ ಕಾಗದ ಕೊಂಡು, ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೊಳ್ಳುವ ಮೊದಲು ಒಂದು ಹಾಳೆಯ ಮೂಲೆಗೆ ಒಂದು ಹನಿ ನೀರು ಬಿಡಿಸಿ ನೋಡಿ. ಹನಿ ಗುಂಡಗೆ ನಿಂತರೆ ತಗೊಳ್ಳಿ.

ಮಗಳು ಅಷ್ಟೊತ್ತಿಗೆ ಮಳೆಮರದ ಕೆಳಗೆ ಬಿದ್ದ ಕಾಯಿಗಳನ್ನು ಚೀಲ ತುಂಬಿಕೊಂಡಿದ್ದಳು. ಅಂಟಂಟು ಕೈ, ಸಿಹಿ ವಾಸನೆ. ಮನೆಗೆ ಬರುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಇಳಿದೆವು. ಫುಟ್‌ಪಾತ್ ಮೇಲೆ ಕೂರುವ ಚಪ್ಪಲಿ ಹೊಲಿಯುವವರಿಗೆ ರೇಡಿಯೋ ದಾರದ ವಿಷಯ ಹೇಳಿದೆ. ಅವರು ಉಂಡೆಯಿಂದ ಎರಡು ಮಾರು ಎಳೆದು, ಎರಡೂ ಕೈಯಲ್ಲಿ ಜಗ್ಗಿ ತೋರಿಸಿ, ಕತ್ತರಿಸಿ ಕೊಟ್ಟರು. ದುಡ್ಡು ಬೇಡ ಅಂದರು. ಮಗಳ ಶಾಲೆಯ ಶೂ ಬಾಯಿ ಬಿಟ್ಟಿದೆ, ನಾಳೆ ತರುತ್ತೇನೆ ಅಂದೆ. ಅದೂ ಸರಿ ಅಂದರು.

ಊಟ ಮುಗಿಸಿ ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಕೂತೆ. ಮೊದಲು ಕಿಲುಬು. ಹಳೆಯ ಮಾಮೂಲಿ ಸೆಲ್ ಸೋರಿದ್ದು ಆಮ್ಲದ ಗುಣದ್ದು, ಅದಕ್ಕೆ ಅಡುಗೆ ಸೋಡಾ ನೀರು. ಆಲ್ಕಲೈನ್ ಸೆಲ್ ಆಗಿದ್ದರೆ ವಿನಿಗರ್ ಬೇಕಿತ್ತು. ಹಳೆ ಟೂತ್ ಬ್ರಶ್ಶಿನಲ್ಲಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿದೆ. ಸ್ಪ್ರಿಂಗ್ ಹೊಳೆಯಿತು. ಆಮೇಲೆ ಕಂಡೆನ್ಸರ್. ಒಂದು ತೆಗೆಯುವುದು, ಅದರ ಪಾಸಿಟಿವ್ ಯಾವ ಕಡೆ ಇತ್ತು ನೋಡುವುದು, ಹೊಸದು ಹಾಕುವುದು, ಆಮೇಲೆ ಮುಂದಿನದು. ಮಗಳು ಪಕ್ಕದಲ್ಲಿ ಕೂತು ಚೀಟಿಯಲ್ಲಿ ಗುರುತು ಹಾಕುತ್ತಿದ್ದಳು. ಆಗಿನ ಬೋರ್ಡಿನ ತಾಮ್ರದ ಗೆರೆಗಳು ಅಗಲ, ಆದರೆ ಬಿಸಿ ಜಾಸ್ತಿಯಾದರೆ ಬೋರ್ಡಿನಿಂದ ಏಳುತ್ತವೆ. ಐರನ್ ಮುಟ್ಟಿಸಿ ಸೀಸ ಕರಗಿದ ಕೂಡಲೇ ಎತ್ತಬೇಕು.

ಎಲ್ಲಾ ಆದ ಮೇಲೆ ಸೆಲ್ ಹಾಕಿ ವಾಲ್ಯೂಮ್ ತಿರುಗಿಸಿದೆ. ಪುಟುಪುಟು ಇಲ್ಲ. ಸಣ್ಣ ಶ್ಶ್ ಅನ್ನುವ ಸದ್ದು. ಮುಳ್ಳಿಗೆ ದಾರ ಇನ್ನೂ ಕಟ್ಟಿರಲಿಲ್ಲ, ಸ್ಟೇಷನ್ ಆರಿಸುವ ಗ್ಯಾಂಗ್ ಕಂಡೆನ್ಸರನ್ನು ಬೆರಳಲ್ಲೇ ತಿರುಗಿಸಿದೆ. ಒಂದು ಕಡೆ ಮೃದಂಗ. ಆಮೇಲೆ ಪಿಟೀಲು. 612 ಕಿಲೋಹರ್ಟ್ಸ್, ಬೆಂಗಳೂರು. ಮಗಳು ಜೋರಾಗಿ ಕಿರುಚಿದಳು, ಒಳಗೆ ಮಲಗಿದ್ದ ಇವರು ಎದ್ದು ಬಂದರು. ಆ ಸ್ಪೀಕರಿನ ಧ್ವನಿ ಫೋನಿನಲ್ಲಿ ಬರುವ ಹಾಗೆ ಚೂಪಾಗಿಲ್ಲ, ಎದೆಯಿಂದ ಬಂದ ಹಾಗಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಅಟ್ಟದಲ್ಲಿ ಮಲಗಿದ್ದ ಸೆಟ್ಟು ಅದು.

ಡಯಲ್ ದಾರ ಕಟ್ಟಲು ಕಂಡೆನ್ಸರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ದೊಡ್ಡ ಚಕ್ರಕ್ಕೆ ಸುತ್ತಿ, ಎರಡು ಪುಟ್ಟ ರಾಟೆಗಳ ಮೇಲೆ ಹಾಯಿಸಿ, ಗುಂಡಿಯ ಕಡ್ಡಿಗೆ ಸುತ್ತು ಹಾಕಿ, ಕೊನೆಗೆ ಸ್ಪ್ರಿಂಗಿಗೆ ಬಿಗಿಯಬೇಕು. ಒಂದು ಕೈ ಸಡಿಲವಾದರೆ ಎಲ್ಲಾ ಕಳಚಿ ಬೀಳುತ್ತದೆ. ಇವರು ಚಕ್ರ ಹಿಡಿದರು, ಮಗಳು ರಾಟೆಯ ಮೇಲೆ ಬೆರಳಿಟ್ಟಳು, ನಾನು ಗಂಟು ಹಾಕಿದೆ. ಮೇಣದ ದಾರ ಜಾರದೆ ಕಚ್ಚಿ ಹಿಡಿಯಿತು. ಗುಂಡಿ ತಿರುಗಿಸಿದರೆ ಮುಳ್ಳು ನಯವಾಗಿ ಓಡುತ್ತದೆ.

ರಾತ್ರಿ ಊಟ ಆದ ಮೇಲೆ ಧಾರವಾಡ ಹುಡುಕಿದೆವು. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲೆ ಹೋಗಿ, ಅಲ್ಲಿಂದ ಪುಟಿದು ದೂರದ ಊರಿಗೆ ಇಳಿಯುತ್ತವೆ. ಆದರೆ ಈಗಿನ ಮನೆಗಳಲ್ಲಿ ಗದ್ದಲ ಬಹಳ. ಎಲ್‌ಇಡಿ ಬಲ್ಬು, ಚಾರ್ಜರು, ವೈಫೈ ಪೆಟ್ಟಿಗೆ ಎಲ್ಲವೂ ಗೊರಗೊರ ಅನ್ನಿಸುತ್ತವೆ. ಒಂದೊಂದೇ ಆರಿಸಿದೆವು. ಸದ್ದು ಇಳಿಯುತ್ತಾ ಬಂತು. 765 ಕಿಲೋಹರ್ಟ್ಸ್ ಹತ್ತಿರ ಏನೋ ಮಾತು, ತುಂಬಾ ಸಣ್ಣಗೆ.

ಸೆಟ್ಟಿನೊಳಗೆ ಉದ್ದುದ್ದಕ್ಕೆ ಒಂದು ಫೆರೈಟ್ ಕಡ್ಡಿ ಇರುತ್ತದೆ, ಅದೇ ಆಂಟೆನಾ. ಕಡ್ಡಿಯ ತುದಿ ಸ್ಟೇಷನ್ ಕಡೆ ಇದ್ದರೆ ಸದ್ದು ಕುಗ್ಗುತ್ತದೆ, ಅಡ್ಡಕ್ಕೆ ತಿರುಗಿದರೆ ಏರುತ್ತದೆ. ಇದನ್ನು ಹೇಳಿದ್ದೇ ತಡ, ಮಗಳು ಟಾರ್ಚ್ ಹಿಡಿದು ಅಟ್ಲಾಸ್ ತಂದಳು. ಬೆಂಗಳೂರಿನ ಮೇಲೆ ಒಂದು ಬೆರಳು, ಧಾರವಾಡದ ಮೇಲೆ ಒಂದು ಬೆರಳು. ವಾಯವ್ಯ. ನಮ್ಮ ಮನೆಯಲ್ಲಿ ವಾಯವ್ಯ ಅಂದರೆ ಅಡುಗೆಮನೆಯ ಕಿಟಕಿಯ ಮೂಲೆ. ಸೆಟ್ಟಿನ ಮುಖ ಆ ಕಡೆ ಬರುವ ಹಾಗೆ ತಿರುಗಿಸಿದಳು. ಧ್ವನಿ ಮೇಲೆದ್ದಿತು. ಅಲೆಅಲೆಯಾಗಿ ಏರಿ ಇಳಿದು, ಒಮ್ಮೆ ಪೂರ್ತಿ ಮುಳುಗಿ, ಮತ್ತೆ ಬಂತು. ತತ್ವಪದ ಇರಬೇಕು, ಹಿಂದೆ ಏಕತಾರಿ.

ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಹಾಡು ಮುಗಿದು ಹೆಂಗಸಿನ ದನಿ "ಆಕಾಶವಾಣಿ ಧಾರವಾಡ" ಅಂದಾಗ ಅಪ್ಪ, "ಅದೇ ಕಣಮ್ಮ, ಅದೇ ಸೆಟ್ಟಾ?" ಅಂದರು. ಆಮೇಲೆ ಮಾತು ನಿಲ್ಲಲಿಲ್ಲ. 1950ರಲ್ಲಿ ಶುರುವಾದ ಸ್ಟೇಷನ್ ಅದು. ಅಪ್ಪನಿಗೆ ಅಳ್ನಾವರದ ಮಳೆಗಾಲದಲ್ಲಿ ಅದೊಂದೇ ಜೊತೆ. ರಾತ್ರಿ ಡ್ಯೂಟಿಯಲ್ಲಿ ರೈಲು ಬಿಡಲು ಲೈನ್ ಕ್ಲಿಯರ್ ಕೊಟ್ಟು ಬಂದು ಸೆಟ್ ಹಚ್ಚುತ್ತಿದ್ದದ್ದು, ಅನ್ನ ಬೇಯುವಷ್ಟರಲ್ಲಿ ವಾರ್ತೆ ಮುಗಿಯುತ್ತಿದ್ದದ್ದು, ಸೆಲ್ ಉಳಿಸಲು ಕ್ರಿಕೆಟ್ ಕಾಮೆಂಟರಿಯನ್ನು ಕೊನೆಯ ಓವರುಗಳಿಗೆ ಮಾತ್ರ ಹಾಕುತ್ತಿದ್ದದ್ದು. ಇಷ್ಟು ವರ್ಷದಲ್ಲಿ ಇದರಲ್ಲಿ ಅರ್ಧ ನಾನು ಕೇಳಿಯೇ ಇರಲಿಲ್ಲ.

"ಶಾರ್ಟ್ ವೇವ್ ಬರುತ್ತಾ?" ಅಂತ ಕೊನೆಗೆ ಕೇಳಿದರು. ಶ್ರೀಲಂಕಾದ ರೇಡಿಯೋ ಸಿಲೋನ್ ಕೇಳುತ್ತಿದ್ದದ್ದು ಅದರಲ್ಲೇ.

ಬರುವುದಿಲ್ಲ. ಎರಡೂ ಬ್ಯಾಂಡಿನಲ್ಲಿ ಪೂರ್ತಿ ಮೌನ, ಶ್ಶ್ ಅನ್ನುವ ಸದ್ದೂ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿದ್ದೆ, ಶಾರ್ಟ್ ವೇವ್ ಕಾಯಿಲುಗಳು ಚೆನ್ನಾಗಿವೆ. ಕೆಟ್ಟಿರುವುದು ಬ್ಯಾಂಡ್ ಸ್ವಿಚ್. ಒಳಗೆ ಜಾರುವ ಹಿತ್ತಾಳೆಯ ಪುಟ್ಟ ಪತ್ತಿಗಳಲ್ಲಿ ಎರಡು ಮುರಿದು ಉದುರಿವೆ. ಕ್ಲೀನರ್ ಹಾಕಿ ಸರಿ ಮಾಡುವ ಹಂತ ದಾಟಿದೆ. ಪತ್ತಿ ಕತ್ತರಿಸಿ ಹೊಸದಾಗಿ ಮಾಡಬಹುದು, ಆದರೆ ಆ ಸ್ಪ್ರಿಂಗ್ ಗುಣ ಮನೆಯಲ್ಲಿ ಮಾಡಿದ ಪತ್ತಿಗೆ ಬರುವುದು ಕಷ್ಟ. ಅದೇ ಕಾಲದ ಇನ್ನೊಂದು ಸೆಟ್ಟಿನಿಂದ ಸ್ವಿಚ್ ಬಿಚ್ಚಿ ಹಾಕುವುದೇ ಸರಿಯಾದ ದಾರಿ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಮೂರು ಬ್ಯಾಂಡಿನ ಹಳೆ ಟ್ರಾನ್ಸಿಸ್ಟರ್ ಕೆಟ್ಟು ಬಿದ್ದಿದ್ದರೆ, ಗುಜರಿಗೆ ಹಾಕುವ ಮೊದಲು ನನಗೆ ತಿಳಿಸಿ. ಎಡಬಲಕ್ಕೆ ಜಾರುವ ಸ್ವಿಚ್ ಇರಬೇಕು, ತಿರುಗಿಸುವಂಥದ್ದು ಆಗುವುದಿಲ್ಲ. ಕ್ಯಾಬಿನೆಟ್ ಒಡೆದಿದ್ದರೂ ಪರವಾಗಿಲ್ಲ, ಸ್ಪೀಕರ್ ಇಲ್ಲದಿದ್ದರೂ ಪರವಾಗಿಲ್ಲ. ಬೆಂಗಳೂರು, ತುಮಕೂರು, ಹಾಸನ ಕಡೆ ಎಲ್ಲಿದ್ದರೂ ನಾನೇ ಬಂದು ತಗೊಂಡು ಹೋಗುತ್ತೇನೆ. ಬದಲಿಗೆ ನಿಮ್ಮ ಹತ್ತಿರ ಇನ್ನೊಂದು ಸೆಟ್ ಇದ್ದರೆ ಅದರ ಕಂಡೆನ್ಸರ್ ಬದಲಾಯಿಸಿ ಕೊಡುತ್ತೇನೆ, ಸಾಮಾನಿನ ದುಡ್ಡೂ ಬೇಡ.